ಟ್ಯಾಮರಾಕಿನ ದಾರಿಜೋಡಿ

ಇಂಡಿಯಾನಾದಲ್ಲಿ ಅನುಮಾನದ ಪ್ರಾಣಿಗಳಿಗೆ ಯಾವ ಕಾಲದಲ್ಲೂ ಬರವಿರಲಿಲ್ಲ. ಆದರೆ ಟ್ಯಾಮರಾಕ್ ಕಾಲೇಜಿನ ಕ್ರೀಡಾಧಿಕಾರಿ ಡೆಲ್ಬರ್ಟ್ ಕ್ರುಕೆಬರ್ಗ್‌ನ ಮುಂದೆ ಉಳಿದವರದೆಲ್ಲ ಅಂಬೆಗಾಲಿನ ಅನುಮಾನ. ಬೆಳಿಗ್ಗೆ ಯಾರಾದರೂ ಶುಭ ಕೋರಿದರೆ ಅವನು ಕಿಟಕಿಯಾಚೆ ಇಣುಕಿ, ನಿಜಕ್ಕೂ ಬೆಳಗಾಗಿದೆಯೆಂದು ಖಾತ್ರಿ ಮಾಡಿಕೊಂಡೇ ತಲೆಯಾಡಿಸುತ್ತಿದ್ದ. ಕೈ ಕುಲುಕಿದ ಮೇಲೆ ಬೆರಳು ಎಣಿಸಿಕೊಳ್ಳುತ್ತಿದ್ದ. ಜೋಳದ ಹೊಲದ ಬೆದರುಬೊಂಬೆಯೊಂದು ತನ್ನನ್ನೇ ದಿಟ್ಟಿಸುತ್ತಿದೆಯೆಂದು ಒಮ್ಮೆ ಕಾರು ನಿಲ್ಲಿಸಿ ಅದರ ಹೆಸರು ಕೇಳಿದ್ದ. ಬೊಂಬೆ ಬಾಯಿ ಬಿಡದಿದ್ದದ್ದೇ ಅವನಿಗೆ ದೊಡ್ಡ ಸಾಕ್ಷಿಯಾಯಿತು. ಹಾಲಿನಲ್ಲಿ ಕೂದಲು ಹುಡುಕುವವರನ್ನು ಲೋಕ ಕಂಡಿದೆ. ಡೆಲ್ಬರ್ಟ್ ಕೂದಲು ಸಿಗದಿದ್ದರೆ ಹಸುವನ್ನೇ ವಿಚಾರಣೆಗೆ ಕರೆಯುವ ಪೈಕಿ.

ಅಂಥವನ ಒಂದು ಮಾತಿನ ಮೇಲೆ ಆ ವಸಂತದಲ್ಲಿ ಟ್ಯಾಮರಾಕ್ ಕಾಲೇಜಿನ ಉಸಿರೇ ನಿಂತಿತ್ತು.

ಪ್ಲೌಲೈನ್ ಒಕ್ಕೂಟವೆಂದರೆ ಚಳಿಗಾಲವಿಡೀ ತಮ್ಮತಮ್ಮಲ್ಲೇ ಬಾಸ್ಕೆಟ್‌ಬಾಲ್ ಆಡುವ ಎಂಟು ಪುಟ್ಟ ಕಾಲೇಜುಗಳ ಕೂಟ. ಪುಟ್ಟವೆಂದರೂ, ಅವುಗಳ ಆಟ ಇದ್ದ ದಿನ ಊರಲ್ಲಿ ಕಳ್ಳರೂ ರಜೆ ಹಾಕುತ್ತಿದ್ದರು. ಈ ಎಂಟು ಕಾಲೇಜುಗಳನ್ನು ಹಿರಿಯರು ನಾಲ್ಕು ದಾರಿಜೋಡಿಗಳಾಗಿ ಕಟ್ಟಿದ್ದರು. ಅಕ್ಕಪಕ್ಕದ ಎರಡು ಕಾಲೇಜು ಸೇರಿ ಒಂದು ಜೋಡಿ. ದೂರದಿಂದ ಬಸ್ಸಿನಲ್ಲಿ ಬಂದ ತಂಡ ಶುಕ್ರವಾರ ಒಬ್ಬರಲ್ಲಿ ಆಡಿ, ಅವರು ಬಡಿಸಿದ್ದನ್ನು ಉಂಡು, ಶನಿವಾರ ಇನ್ನೊಬ್ಬರಲ್ಲಿ ಆಡಿ, ಅಲ್ಲಿಯೂ ಉಂಡು ಊರಿಗೆ ಹೊರಡುವುದು ಪದ್ಧತಿ. ಒಂದೇ ಒಂದು ಆಟಕ್ಕಾಗಿ ಮೊಣಕಾಲುದ್ದ ಹಿಮದಲ್ಲಿ ಅಷ್ಟು ದೂರ ಬರುವ ಹುಚ್ಚರು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ.

ಟ್ಯಾಮರಾಕಿನ ಜೋಡಿಯಾಗಿದ್ದ ಹಾಲಿಸ್ ಕಾಲೇಜು ಹೋದ ವರ್ಷ ಬಾಗಿಲು ಹಾಕಿತು. ಮೊದಲು ಅಲ್ಲಿ ಆಟ ನಿಂತಿತ್ತು, ಆಮೇಲೆ ಗಂಟೆ ನಿಂತಿತು, ಆಮೇಲೆ ಪಾರಿವಾಳಗಳೂ ಬೇರೆ ಕಡೆ ಸೇರಿಕೊಂಡವು. ಜೋಡಿ ಕಳೆದುಕೊಂಡ ಎತ್ತನ್ನು ಯಾರು ನೇಗಿಲಿಗೆ ಕಟ್ಟುತ್ತಾರೆ? ಉಳಿದ ಆರು ಕಾಲೇಜಿನವರು ಈ ಚಳಿಗಾಲ ಹೇಗೋ ಗೊಣಗಿಕೊಂಡು ಟ್ಯಾಮರಾಕಿಗೆ ಬಂದು ಆಡಿ ಹೋದರು. ಮುಂದಿನ ಚಳಿಗಾಲಕ್ಕೆ ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದರು. ಹೊಸ ಜೋಡಿ ಸಿಗದಿದ್ದರೆ ಟ್ಯಾಮರಾಕ್ ಒಕ್ಕೂಟದಿಂದ ಹೊರಗೆ. ಅಲ್ಲಿ ಓದಲು ಬರುವ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ ಚೆಂಡು ಹಿಡಿದೇ ಬಂದವರು. ಆಟ ಹೋದರೆ ಹಾಲಿಸ್‌ನ ಪಾರಿವಾಳಗಳ ಕತೆಯೇ.

ಖಾಲಿ ಇದ್ದದ್ದು ಒಂದು ಸ್ಥಾನ. ಅರ್ಜಿ ಬಂದದ್ದು ಎರಡು. ಒಂದು ಉತ್ತರದ ನಗರದ ಮೆರಿಡಿಯನ್ ವಿಶ್ವವಿದ್ಯಾಲಯದ್ದು. ಇನ್ನೊಂದು ಹೊಳೆ ದಾಟಿದರೆ ಹನ್ನೊಂದೇ ಮೈಲಿ ದೂರದ ಸೇಂಟ್ ಎಮ್ಮರಮ್ ಕಾಲೇಜಿನದ್ದು. ಒಕ್ಕೂಟದಲ್ಲಿ ಹಿಂದಿನಿಂದ ಬಂದ ಕಟ್ಟಳೆಯೊಂದಿತ್ತು: ಹೊಸಬರನ್ನು ಸೇರಿಸುವ ಮೊದಲು, ಅವರಿಗೆ ಎಲ್ಲರಿಗಿಂತ ಹತ್ತಿರವಿರುವ ಕಾಲೇಜಿನವರು ಸಭೆಯಲ್ಲಿ ಎದ್ದು ನಿಂತು “ಇವರ ಪಕ್ಕದಲ್ಲಿ ಬದುಕಬಲ್ಲೆ” ಎನ್ನಬೇಕು. ಇದಕ್ಕೆ ನೆರೆಮಾತು ಎನ್ನುತ್ತಿದ್ದರು. ನೆರೆಮಾತು ಬೀಳದೆ ಯಾರೂ ಕೈ ಎತ್ತುವಂತಿಲ್ಲ. ಮೆರಿಡಿಯನ್‌ಗೆ ಅದರ ನೆರೆಯವರು ಆಗಲೇ ಮಾತು ಕೊಟ್ಟಾಗಿತ್ತು. ಎಮ್ಮರಮ್‌ಗೆ ಮಾತು ಕೊಡಬೇಕಾದವನು ಡೆಲ್ಬರ್ಟ್.

ಬೇರೆ ಯಾರಾದರೂ ಆಗಿದ್ದರೆ ಹನ್ನೊಂದು ಮೈಲಿ ಓಡಿಹೋಗಿ ಎಮ್ಮರಮ್‌ನ ಕೊರಳಿಗೆ ಜೋತುಬೀಳುತ್ತಿದ್ದರು. ಆದರೆ ಡೆಲ್ಬರ್ಟ್‌ಗೆ ಆ ಹೆಸರು ಕೇಳಿದರೆ ಹಲ್ಲಿನ ನಡುವೆ ಮರಳು ಸಿಕ್ಕಂತಾಗುತ್ತಿತ್ತು.

ಮೂವತ್ತೇಳು ವರ್ಷದ ಹಿಂದಿನ ಮಾತು. ಆಗ ಡೆಲ್ಬರ್ಟ್ ಟ್ಯಾಮರಾಕಿನ ಆಟಗಾರ. ಅವನು ಚೆಂಡು ಪುಟಿಸುತ್ತ ಓಡಿದರೆ ಸುತ್ತಲ ಮೂರು ಜಿಲ್ಲೆಗಳ ಕೋಳಿಗಳು ಮೊಟ್ಟೆಯಿಡುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದವು. ಅವನ ಕೊನೆಯ ವರ್ಷದ ಜಿಲ್ಲಾ ಕಪ್ಪಿನ ಕೊನೆಯ ಆಟ ಎಮ್ಮರಮ್‌ನ ಅಂಗಣದಲ್ಲಿ ಬಿತ್ತು. ಟ್ಯಾಮರಾಕ್ ಒಂದೇ ಅಂಕ ಹಿಂದೆ, ನಾಲ್ಕು ಉಸಿರಿನಷ್ಟು ಹೊತ್ತು ಬಾಕಿ, ಚೆಂಡು ಡೆಲ್ಬರ್ಟ್ ಕೈಯಲ್ಲಿ. ಎದುರಾಳಿ ಅವನನ್ನು ಒತ್ತಿ ಒತ್ತಿ ಎಡಕ್ಕೆ ದೂಡಿದ. ಡೆಲ್ಬರ್ಟ್ ಎಡಕ್ಕೆ ಸರಿದು ಚೆಂಡನ್ನು ನೆಲಕ್ಕೆ ಬಡಿದ. ಚೆಂಡು ಮೇಲೆ ಬರಲಿಲ್ಲ! ಸಗಣಿಯ ಮೇಲೆ ಬಿದ್ದ ಕಲ್ಲಿನ ಹಾಗೆ ಅಲ್ಲೇ ಕೂತಿತು. ಅವನ ಕೈ ಮಾತ್ರ ಬರಿಗಾಳಿಯನ್ನು ಪುಟಿಸುತ್ತ ಬುಟ್ಟಿಯ ತನಕ ಓಡಿತು.

ಹಳೆಯ ಮರದ ಅಂಗಣಗಳಲ್ಲಿ ಇಂಥ ಸತ್ತ ಜಾಗ ಒಂದೊಂದು ಇರುವುದುಂಟು. ಆದರೆ ಡೆಲ್ಬರ್ಟ್ ಅಂದೇ ತೀರ್ಪು ಕೊಟ್ಟ: “ಅಡಿಯಲ್ಲಿ ತೊಲೆ ಕೊಯ್ದಿದಾರೆ. ಗರಗಸದಲ್ಲಿ.” ಇದನ್ನು ಅವನು ಮರುದಿನ ಹೇಳಿದ, ತನ್ನ ಮದುವೆಯಲ್ಲಿ ಹೇಳಿದ, ಮಾವನ ಶವಸಂಸ್ಕಾರದಲ್ಲಿ ಪಾದ್ರಿಯ ಪ್ರಾರ್ಥನೆಗೂ ಆಮೆನ್‌ಗೂ ನಡುವೆ ಸಿಕ್ಕ ಸಂದಿಯಲ್ಲೂ ಹೇಳಿದ. ಅಂದಿನಿಂದ ಎರಡು ಕಾಲೇಜುಗಳು ಎದುರಾಬದುರಾಗಿ ಆಡಿರಲಿಲ್ಲ. ನಡುವಿನ ಹೊಳೆಯನ್ನು ದನಗಳು ಕಾಲು ಒದ್ದೆಯಾಗದೆ ದಾಟುತ್ತಿದ್ದವು. ಡೆಲ್ಬರ್ಟ್ ಮಾತ್ರ ಅದನ್ನು ಅಟ್ಲಾಂಟಿಕ್ ಎಂದೇ ಕರೆಯುತ್ತಿದ್ದ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಒಕ್ಕೂಟದ ಅಧ್ಯಕ್ಷ ಲೊವೆಲ್ ಟಿಪ್ಟನ್ ಅವನನ್ನು ಊರಿನ ಹೋಟೆಲಿಗೆ ಊಟಕ್ಕೆ ಕರೆದ. ಲೊವೆಲ್‌ನ ನಗು ಎಂಥ ನುಣುಪೆಂದರೆ, ಅದರ ಮೇಲೆ ಕೂತ ನೊಣ ಜಾರಿ ಕಾಲು ಮುರಿದುಕೊಳ್ಳುತ್ತಿತ್ತು. ಕರಿದ ಹಂದಿಮಾಂಸದ ತುಂಡು ಬನ್ನಿನಿಂದ ನಾಲ್ಕೂ ದಿಕ್ಕಿಗೆ ಹೊರಚಾಚಿ ಪಕ್ಕದ ಮೇಜಿನವರ ತಟ್ಟೆಗೂ ನೆರಳು ಕೊಡುತ್ತಿತ್ತು. ಡೆಲ್ಬರ್ಟ್ ಅದನ್ನು ಎತ್ತಿ ಅಡಿಯಲ್ಲಿ ಏನಿದೆಯೆಂದು ನೋಡಿದ.

“ನಿನ್ನ ಮೇಲೆ ನಂಗೆಷ್ಟು ಪ್ರೀತಿ ಅಂತ ಗೊತ್ತಲ್ಲ ಡೆಲ್?” ಲೊವೆಲ್ ಶುರುಮಾಡಿದ.

“ಗೊತ್ತಿರ್ಲಿಲ್ಲ. ಯಾಕೆ, ಏನಾಯ್ತು?”

“ಏನಿಲ್ಲ ಮಾರಾಯ. ಈ ಎಮ್ಮರಮ್‌ನೋರು ಈಗ್ಲೇ ಯಾಕೆ ಬಂದ್ರು ಅಂತ ಯೋಚ್ನೆ ಮಾಡಿದ್ಯಾ? ಇಷ್ಟು ವರ್ಷ ಬರ್ದೇ ಇದ್ದೋರು, ನೀನು ಒಂಟಿ ಆದ ತಕ್ಷಣ ಬಾಗ್ಲು ತಟ್ತಾರೆ. ಹನ್ನೊಂದು ಮೈಲಿ ಒಳಗೆ ಎರಡು ಕಾಲೇಜು. ಅದೇ ಊರಿನ ಅದೇ ಹುಡುಗರಿಗೆ ಇಬ್ರೂ ಗಾಳ ಹಾಕ್ಬೇಕು. ಹತ್ತು ವರ್ಷದಲ್ಲಿ ಒಂದು ಮುಚ್ಚತ್ತೆ. ಯಾವ್ದು ಅಂತ ನಾನು ಹೇಳಲ್ಲಪ್ಪ, ಸಿಹಿ ಪೈ ತಿನ್ನೋವಾಗ ಅಂಥ ಮಾತು ಆಡಬಾರ್ದು.”

“ಮೆರಿಡಿಯನ್ ಬಂದ್ರೆ ನಂಗೆ ಜೋಡಿ ಯಾರು?”

“ಅವ್ರೇ!”

“ಇನ್ನೂರು ಮೈಲಿ ದೂರದ ಜೋಡಿನಾ? ಅದು ಜೋಡಿ ಅಲ್ಲ ಲೊವೆಲ್, ವಿಚ್ಛೇದನ.”

“ಅವ್ರ ಬಸ್ಸು ನೋಡಿದ್ಯಾ? ಒಳಗೆ ಮಲಗ್ಬಹುದು. ದೂರ ಅನ್ನೋದೆಲ್ಲ ಹಳೇ ಬಸ್ಸಿನೋರ ಮಾತು. ನೀನು ಏನೂ ಮಾಡ್ಬೇಡ ಡೆಲ್. ಸಭೆ ದಿನ ಸುಮ್ನೆ ಕೂತಿರು. ಕೂತಿರೋದು ಅಂದ್ರೆ ನಿಂಗೆ ಕಷ್ಟ ಅಲ್ವಲ್ಲ?”

ಲೊವೆಲ್‌ನ ಮಾತು ಡೆಲ್ಬರ್ಟ್ ಹೊಟ್ಟೆಯೊಳಗೆ ಮಾಂಸಕ್ಕಿಂತ ಮೊದಲು ಇಳಿಯಿತು. ಎಮ್ಮರಮ್ ಮೇಲಿದ್ದ ಅನುಮಾನ ಗೋಪುರದಷ್ಟಿದ್ದದ್ದು ಪರ್ವತದಷ್ಟಾಯಿತು. ಆದರೆ ಅವನು ಸಾಮಾನ್ಯ ಅನುಮಾನಿಯಾಗಿದ್ದರೆ ಅಲ್ಲಿಗೇ ನಿಲ್ಲುತ್ತಿದ್ದ. ಅನುಮಾನಕ್ಕೆ ಗೊಬ್ಬರ ಹಾಕಲು ಇವನು ಇಷ್ಟು ದೂರ ಕಾರು ಓಡಿಸಿಕೊಂಡು ಯಾಕೆ ಬಂದ ಎಂಬ ಎರಡನೆಯ ಅನುಮಾನ ಪೈ ಮುಗಿಯುವುದರೊಳಗೆ ಮೊಳಕೆಯೊಡೆದಿತ್ತು.

“ಎರಡೂ ಕಡೆ ನಾನೇ ಹೋಗಿ ನೋಡ್ತೀನಿ” ಎಂದ.

ಮೊದಲು ಮೆರಿಡಿಯನ್. ಜೊತೆಗೆ ಬಂದವಳು ಟ್ಯಾಮರಾಕಿನ ಹುಡುಗಿಯರ ತಂಡದ ಕೋಚ್ ಡನೀಸ್ ಪರ್ಡಿ. ಡೆಲ್ಬರ್ಟ್‌ನ ಅನುಮಾನಕ್ಕೆ ನಗುವ ಧೈರ್ಯವಿದ್ದ ಒಂದೇ ಜೀವ ಅದು. ಕಾರು ಓಡಿಸಿದ್ದೂ ಅವಳೇ, ಏಕೆಂದರೆ ದಾರಿ ಹೇಳುವ ಯಂತ್ರದೊಳಗಿನ ಹೆಂಗಸು ಎಡಕ್ಕೆ ಎಂದರೆ ಡೆಲ್ಬರ್ಟ್ ಬೇಕೆಂದೇ ಬಲಕ್ಕೆ ತಿರುಗುತ್ತಿದ್ದ.

ಮೆರಿಡಿಯನ್‌ನ ಕ್ರೀಡಾಂಗಣ ಎಷ್ಟು ಎತ್ತರವೆಂದರೆ ಮೇಲಿನ ಸಾಲಿನವರಿಗೆ ಬೇರೆಯೇ ಹವಾಮಾನ. ಬಾಗಿಲಲ್ಲಿ ಸ್ವಾಗತಿಸಿದವನು ಲೊವೆಲ್. ಒಳಗೆ ಕಗ್ಗತ್ತಲು. ಲೊವೆಲ್ ತಡಕಾಡದೆ, ಕಂಬದ ಹಿಂದೆ ಕೈ ಹಾಕಿ ದೀಪದ ಗುಂಡಿ ಒತ್ತಿದ. ಲಕ್ಷ ದೀಪ ಒಟ್ಟಿಗೆ ಉರಿದವು. ಡನೀಸ್ ಬಾಯಿ ತೆರೆದು ದೀಪ ನೋಡಿದಳು. ಡೆಲ್ಬರ್ಟ್ ಕಣ್ಣು ಕಿರಿದು ಮಾಡಿ ಗುಂಡಿ ನೋಡಿದ.

ಅವನು ಕಂಕುಳಲ್ಲಿ ತಂದಿದ್ದ ಚೆಂಡನ್ನು ಅಂಗಣದ ಉದ್ದಗಲಕ್ಕೂ ಪುಟಿಸಿದ. ಬೆವರು ಹೊಳೆಯಾಯಿತು. ಚೆಂಡು ಎಲ್ಲ ಕಡೆಯೂ ಒಂದೇ ಎತ್ತರಕ್ಕೆ ವಿಧೇಯ ವಿದ್ಯಾರ್ಥಿಯಂತೆ ಏಳುತ್ತಿತ್ತು.

“ಒಂದೂ ಸತ್ತ ಜಾಗ ಇಲ್ಲ” ಎಂದ ಡನೀಸ್ ಕಿವಿಯಲ್ಲಿ. “ಏನೋ ಮುಚ್ಚಿಟ್ಟಿದಾರೆ.”

“ಹೊಸ ನೆಲ ಕಣಪ್ಪ. ಅಷ್ಟೇ.”

“ಅಷ್ಟೇ ಅನ್ನೋದು ಯಾವತ್ತೂ ಅಷ್ಟೇ ಆಗಿರಲ್ಲ.”

ಆಗ ಅವನು ತಲೆಯೆತ್ತಿದ. ಮಾಡಿನಿಂದ ಬಾವುಟಗಳು ಇಳಿಬಿದ್ದಿದ್ದವು. ಸೇರುವ ಮೊದಲೇ ಒಕ್ಕೂಟಕ್ಕೆ ಗೌರವ ತೋರಿಸಲು ಹಾಕಿದ್ದೆಂದು ಲೊವೆಲ್ ಹಿಗ್ಗಿನಿಂದ ವಿವರಿಸಿದ. ಮೂರು ಜೋಡಿಗಳ ಆರು ಬಾವುಟ, ನಡುವೆ ಹಾಸಿಗೆಯಷ್ಟು ದೊಡ್ಡದು ಮೆರಿಡಿಯನ್‌ನದು. ಟ್ಯಾಮರಾಕಿನ ಹಸಿರು ಬಾವುಟ ಮಾತ್ರ ಎಲ್ಲೂ ಇರಲಿಲ್ಲ.

“ನಮ್ದು?”

“ಓ, ಅದಾ! ಹಸಿರು ಬಟ್ಟೆ ಸಿಗ್ಲಿಲ್ವಂತೆ. ತರಿಸ್ತಾರೆ ಬಿಡು.”

ಅದು ಸೇಂಟ್ ಪ್ಯಾಟ್ರಿಕ್ ಹಬ್ಬದ ವಾರ. ನಗರಕ್ಕೆ ನಗರವೇ ಹಸಿರು ಸುತ್ತಿಕೊಂಡಿತ್ತು. ಅಂಗಡಿಗಳು ಹಸಿರು, ಮುದುಕಿಯರ ಟೊಪ್ಪಿಗೆ ಹಸಿರು, ಬಿಯರ್ ಹಸಿರು, ಬಿಯರ್ ಕುಡಿದವರ ಮುಖವೂ ಹಸಿರು. ಡೆಲ್ಬರ್ಟ್ ಲೊವೆಲ್‌ನ ಕೊರಳಲ್ಲಿದ್ದ ಗಿಳಿಹಸಿರು ಟೈಯನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆಯ ಗುಣ ನೋಡುವ ಅಂಗಡಿಯವನ ಹಾಗೆ ಉಜ್ಜಿ ಬಿಟ್ಟ.

“ಶುಕ್ರವಾರ ಆಟ ಆದ್ಮೇಲೆ ನಮ್ಮ ಹುಡುಗ್ರು ಊಟ ಎಲ್ಲಿ ಮಾಡ್ಬೇಕು?” ಎಂದು ಕೊನೆಗೆ ಕೇಳಿದ.

“ಊಟಾನಾ?” ಲೊವೆಲ್ ನಕ್ಕ. “ಊರ ತುಂಬ ಹೋಟೆಲಿದೆ ಕಣಯ್ಯ!”

ಮರಳುವ ದಾರಿಯಲ್ಲಿ ಡನೀಸ್ ಹೇಳಿದಳು, “ಬಾವುಟ ಮರೆತಿರಬಹುದು. ಮನುಷ್ಯರು ಮರೀತಾರೆ.”

“ಮರೀಲಿ. ಆದ್ರೆ ಮರೆಯೋವಾಗ ಎಲ್ರೂ ನನ್ನನ್ನೇ ಯಾಕೆ ಆರಿಸ್ತಾರೆ?”

ಅದಾದ ವಾರ ಎಮ್ಮರಮ್. ಅಲ್ಲಿಯವರು ಕ್ಯಾಥೊಲಿಕರು, ಉಪವಾಸದ ಕಾಲ, ಮೀನು ಬಿಟ್ಟು ಬೇರೆ ಮಾಂಸ ಮುಟ್ಟದ ಶುಕ್ರವಾರ. ಅಂಗಣದ ಕೆಳಗಿನ ನೆಲಮಾಳಿಗೆಯಲ್ಲಿ ಊರಿಗೆಲ್ಲ ಮೀನಿನ ಊಟ. ಹೊಳೆಯ ಈಚೆ ದಡಕ್ಕೇ ಕರಿದ ವಾಸನೆ ಬಂದು ಡನೀಸ್‌ಳ ಕಾರು ತಾನಾಗಿ ವೇಗ ಹೆಚ್ಚಿಸಿಕೊಂಡಿತು. ಬಾಗಿಲಲ್ಲಿ ನಿಂತಿದ್ದವಳು ಅಲ್ಲಿನ ಕ್ರೀಡಾಧಿಕಾರಿ ರಾಜಲಿಂಡ್ ಹಾಗೆಡಾರ್ನ್. ಆರಡಿ ಎತ್ತರ, ಬಿಳಿ ಕೂದಲು. ಅವಳ ನಗುವಿಗೆ ಗೋಡೆಯ ಮೇಲಿನ ಸಂತರೂ ಚೌಕಟ್ಟು ಹಿಡಿದುಕೊಳ್ಳುತ್ತಿದ್ದರು. ಆ ಕೊನೆಯ ಆಟದ ಕಾಲದಲ್ಲಿ ಎಮ್ಮರಮ್‌ನ ಕೋಚ್ ಆಗಿದ್ದವನು ಅವಳ ಅಪ್ಪ.

“ಬಾ ಕ್ರುಕೆಬರ್ಗ್. ಬೆರಳು ಎಣಿಸ್ಕೊಂಡೇ ಬಂದಿದ್ಯಾ ತಾನೆ? ಹೋಗೋವಾಗ ಲೆಕ್ಕ ತಪ್ಪಿತು ಅಂತ ನಮ್ಮ ಮೇಲೆ ಬರಬಾರ್ದು.”

“ಎಣಿಸಿದೀನಿ.”

“ಹಲ್ಲು?”

ಡನೀಸ್ ಕೆಮ್ಮಿನಲ್ಲಿ ನಗು ಅಡಗಿಸಿದಳು. ಉದ್ದನೆಯ ಮೇಜಿನಲ್ಲಿ ಕೂರಿಸಿ ಮೀನು, ಕೋಸಿನ ಪಲ್ಯ, ಕಪ್ಪು ಬ್ರೆಡ್ಡು ಬಡಿಸಿದರು. ಡೆಲ್ಬರ್ಟ್ ತನ್ನ ತಟ್ಟೆ ನೋಡಿದ, ಡನೀಸ್‌ಳ ತಟ್ಟೆ ನೋಡಿದ.

“ನನ್ನ ಮೀನು ಯಾಕೆ ದೊಡ್ಡದು?”

“ಮೀನನ್ನೇ ಕೇಳು” ಎಂದಳು ರಾಜಲಿಂಡ್.

ಅವನು ತಟ್ಟೆ ಅದಲುಬದಲು ಮಾಡಿದ. ಮಾಡಿದ ಮೇಲೆ, ತಾನು ಅದಲುಬದಲು ಮಾಡುತ್ತೇನೆಂದು ಗೊತ್ತಿದ್ದೇ ಹೀಗೆ ಬಡಿಸಿದರೋ ಎನ್ನಿಸಿ ಮತ್ತೆ ತನ್ನದನ್ನೇ ಎಳೆದುಕೊಂಡ. ಅಷ್ಟರಲ್ಲಿ ಡನೀಸ್ ಎರಡರಿಂದಲೂ ಅರ್ಧರ್ಧ ತಿಂದಾಗಿತ್ತು. ಸುತ್ತ ಕೂತಿದ್ದ ಮುದುಕರು ಇವನ ಹೆಸರು ಗೊತ್ತಿದ್ದವರ ಹಾಗೆ ನೋಡುತ್ತಿದ್ದರು. ಇಷ್ಟು ಜನವನ್ನು ತನಗಾಗಿಯೇ ಕೂರಿಸಿದ್ದಾರೆಯೇ? ಪಕ್ಕದ ಮುದುಕನನ್ನು ಕೇಳಿಯೇಬಿಟ್ಟ: “ದಿನಾ ಬರ್ತೀಯಾ, ಇಲ್ಲ ಇವತ್ತು ಮಾತ್ರ ಕರೆಸಿದಾರಾ?”

“ನಲವತ್ತು ವರ್ಷದಿಂದ ಇದೇ ಕುರ್ಚಿ” ಎಂದ ಮುದುಕ. “ನೀನು ಕೂತಿರೋದು ನನ್ನ ತಮ್ಮನ ಜಾಗ. ಅವ್ನು ಬಂದು ಎಬ್ಬಿಸೋ ಮುಂಚೆ ಬೇಗ ತಿನ್ನು.”

ಊಟವಾದ ಮೇಲೆ ಮೂವರೂ ಅಂಗಣಕ್ಕೆ ಹತ್ತಿದರು. ಡೆಲ್ಬರ್ಟ್ ನೆಟ್ಟಗೆ ನಡೆದ. ಹುಟ್ಟಿದ ಮನೆಯ ಬಾಗಿಲನ್ನು ಮರೆತರೂ ಅವನು ಆ ಜಾಗವನ್ನು ಮರೆಯುವವನಲ್ಲ. ಬುಟ್ಟಿಯಿಂದ ಎಡಕ್ಕೆ, ಗೆರೆಯ ಮೂಲೆಯಿಂದ ಒಂದು ಹೆಜ್ಜೆ ಹೊರಗೆ. ಇಲ್ಲಿಗೂ ತಂದಿದ್ದ ಚೆಂಡನ್ನು ಎತ್ತಿ ಬಡಿದ.

ದುಪ್.

ಚೆಂಡು ಅಲ್ಲೇ ಕೂತಿತು. “ಇದೆ!” ಜಾತ್ರೆಯಲ್ಲಿ ಕಳೆದ ಮಗು ಸಿಕ್ಕವನ ಹಾಗೆ ಡೆಲ್ಬರ್ಟ್ ಕೂಗಿದ. “ಇನ್ನೂ ಇದೆ! ಒಪ್ಕೋ ಹಾಗೆಡಾರ್ನ್! ಕೊಯ್ದಿದ್ದೀರಿ ಅಂತ ಒಪ್ಕೋ!”

“ಕೊಯ್ದಿದಾರೆ, ಹೌದು” ಎಂದಳು ರಾಜಲಿಂಡ್.

ಮೂವತ್ತೇಳು ವರ್ಷ ಕಾದ ಮಾತು ಇಷ್ಟು ಸಲೀಸಾಗಿ ಬಂದದ್ದು ನೋಡಿ ಡೆಲ್ಬರ್ಟ್‌ಗೆ ಗಾಬರಿಯಾಯಿತು. ಅವಳು ಡನೀಸ್‌ಳ ಕೈಗೆ ಚೆಂಡು ಕೊಟ್ಟಳು. “ನೀನು ಇಲ್ಲೇ ಇದ್ದು ಪುಟಿಸ್ತಿರಮ್ಮ. ಈ ಮುದುಕಪ್ಪಂಗೆ ಕೆಳಗೊಂದು ತೋರಿಸ್ಬೇಕು.”

ಅಡುಗೆಮನೆಯ ಹಿಂದೆ ಆಲೂಗೆಡ್ಡೆ ಇಡುವ ಕೋಣೆ. ಅಲ್ಲಿ ಮಾತ್ರ ಮೇಲೆ ಚಾವಣಿಯ ಹೊದಿಕೆ ಇರಲಿಲ್ಲ. ಅಂಗಣದ ಹಲಗೆಗಳ ಅಡಿಮುಖ ಬೆತ್ತಲೆಯಾಗಿ ಕಾಣುತ್ತಿತ್ತು. ಬಾಗಿಲು ಮುಚ್ಚಿಕೊಂಡರೆ ಎಂದು ಡೆಲ್ಬರ್ಟ್ ಮೊದಲು ಒಂದು ಆಲೂ ಮೂಟೆಯನ್ನು ಬಾಗಿಲಿಗೆ ಅಡ್ಡ ಇಟ್ಟ. ರಾಜಲಿಂಡ್ ದೀಪ ಎತ್ತಿ ಹಿಡಿದಳು. ಮೇಲೆ ಡನೀಸ್ ಚೆಂಡು ಪುಟಿಸುತ್ತ ಬರುತ್ತಿದ್ದಳು. ಢಂ, ಢಂ, ಢಂ, ಗುಡುಗು ನಡೆದು ಬಂದ ಹಾಗೆ. ನೆತ್ತಿಯ ಮೇಲಕ್ಕೆ ಬಂದದ್ದೇ ದುಪ್. ಮೌನ.

ನೆತ್ತಿಯ ಮೇಲೆ, ಹಲಗೆಗಳನ್ನು ಹೊತ್ತ ಅಡ್ಡಪಟ್ಟಿಯನ್ನು ಯಾರೋ ನೀಟಾಗಿ ಕೊಯ್ದಿದ್ದರು. ಗರಗಸದ ಹಲ್ಲಿನ ಗುರುತು ಈಗಲೂ ಬಾಚಣಿಗೆಯಿಂದ ಎಳೆದಂತಿತ್ತು. ಅದರ ಪಕ್ಕ ಡಾಂಬರಿನಲ್ಲಿ ಗೇಣುದ್ದದ ಎರಡಕ್ಷರ: ಟಿ.ಸಿ. ಅಂಚಿನಲ್ಲಿ ಹಸಿರು ಬಣ್ಣ.

“ಇದೇನು?” ಡೆಲ್ಬರ್ಟ್ ಧ್ವನಿ ಆಲೂಗೆಡ್ಡೆಯಷ್ಟು ದಪ್ಪವಾಗಿತ್ತು.

“ನಿಮ್ಮ ಕಾಲೇಜು. ಟ್ಯಾಮರಾಕ್. ನೀವು ಹೊಸ ಅಂಗಣ ಕಟ್ಟಿದಾಗ ಹಳೇ ನೆಲಾನ ತುಂಡುತುಂಡಾಗಿ ಕಿತ್ತು ಮರದ ವ್ಯಾಪಾರಿಗೆ ಮಾರಿದ್ರಲ್ಲ? ಅವ್ನಿಂದ ನಮ್ಮಪ್ಪ ತಂದ. ಉಜ್ಜಿ, ಬಣ್ಣ ಬಳಿದು, ಹಿಂದುಮುಂದಾಗಿ ಹಾಸಿದ್ರು. ಆಮೇಲೆ ನೋಡಿದ್ರೆ ಒಂದ್ಕಡೆ ಚೆಂಡು ಏಳಲ್ಲ! ಬಡಗಿನ ಇಲ್ಲಿಗೆ ಇಳಿಸಿದ್ರೆ ಅವ್ನು ಹೊಟ್ಟೆ ಹಿಡ್ಕೊಂಡು ನಕ್ಕ. ನಮ್ಮಪ್ಪ ನಿಮ್ಮ ಕೋಚ್‌ಗೆ ಫೋನ್ ಮಾಡಿದ. ‘ಇದ್ದ ಹಾಗೇ ಮಾರಿದ್ದು’ ಅಂತ ಹೇಳಿ ಇಟ್ಬಿಟ್ನಂತೆ.”

ನಿಮ್ಮ ಕೋಚ್ ಎಂದರೆ ಎಲ್ಮೋ ಬ್ರಾಂಡೆನ್‌ಬುರ್ಗ್. ಟ್ಯಾಮರಾಕಿನ ದ್ವಾರದಲ್ಲಿ ಕಂಚಿನ ಮೂರ್ತಿಯಾಗಿ ನಿಂತವನು, ಭಕ್ತಿಯಿಂದ ಪಾರಿವಾಳಗಳೂ ಹೊಲಸು ಮಾಡದ ಮಹಾನುಭಾವ. ಡೆಲ್ಬರ್ಟ್‌ಗೆ ತನ್ನ ಮೊದಲ ವರ್ಷ ನೆನಪಾಯಿತು. ಹಳೆಯ ಅಂಗಣ, ಕಟ್ಟೆಯ ಮೇಲಿನಿಂದ ಬ್ರಾಂಡೆನ್‌ಬುರ್ಗ್ ಕೂಗು: “ಅವ್ನನ್ನ ಮೂಲೆಗೆ ದೂಡೋ ಕ್ರುಕೆಬರ್ಗ್! ಮೂಲೆಗೆ!” ಎಷ್ಟು ಜನರನ್ನು ದೂಡಿದ್ದ! ಎಷ್ಟು ಜನರ ಚೆಂಡು ಅಲ್ಲಿ ಸತ್ತಿತ್ತು! ಬೆದರುಬೊಂಬೆಯನ್ನೂ ಬಿಡದೆ ವಿಚಾರಿಸಿದ ಮನುಷ್ಯ ತನ್ನ ಇಡೀ ಜನ್ಮದಲ್ಲಿ ಅನುಮಾನಪಡದೆ ಬಿಟ್ಟದ್ದು ಅದೊಂದನ್ನೇ.

ಅನುಮಾನ ಸರಿಯಿತ್ತು. ವಿಳಾಸ ತಪ್ಪಿತ್ತು.

ಅಷ್ಟಕ್ಕೇ ಸೋಲುವವನೇ ಅವನು? ಮೂಟೆಯ ಮೇಲೆ ಹತ್ತಿ ಡಾಂಬರನ್ನು ಮೂಸಿದ, ಹೊಸದಾಗಿ ಬರೆದಿರಬಹುದೆಂದು ಉಗುರಿನಿಂದ ಕೆರೆದ. ಅಕ್ಷರಗಳ ಮೇಲೆ ಹಬ್ಬಿದ್ದ ಬಲೆಯಿಂದ ಒಂದು ಜೇಡ ಹೊರಬಂದು ನೋಡಿತು. ಅದರ ಅಜ್ಜನ ಅಜ್ಜನೂ ಅಲ್ಲೇ ಹುಟ್ಟಿದ್ದೆಂದು ಅದರ ಗತ್ತಿನಲ್ಲೇ ಗೊತ್ತಾಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಡೆಲ್ಬರ್ಟ್ ಮೂಟೆಯಿಂದ ಇಳಿದು ಹೆಗಲ ಮೇಲಿನ ಧೂಳು ಕೊಡವಿಕೊಂಡ.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಂಬ್ತಿದ್ಯಾ?”

“ಇಲ್ಲ.”

“ಮತ್ತೆ? ಅದೂ ಅಲ್ದೆ ಆ ಜಾಗ ನಮ್ಗೆ ವರ್ಷಕ್ಕೆ ಒಂದೆರಡು ಆಟ ಗೆಲ್ಸಿಕೊಡತ್ತೆ. ನಾವೇನು ಸಂತರಲ್ಲಪ್ಪ. ಸಂತರೆಲ್ಲ ಗೋಡೆ ಮೇಲಿದಾರೆ.”

“ಈಗ ಯಾಕೆ ತೋರಿಸ್ದೆ? ಏನೋ ಇದೆ. ಹೇಳ್ಬಿಡು.”

ರಾಜಲಿಂಡ್ ಮೂಟೆಯ ಮೇಲೆ ಕೂತಳು. ಮೊದಲ ಸಲ ಅವಳು ನಗಲಿಲ್ಲ. “ನಮ್ಮ ಒಕ್ಕೂಟ ಒಡೆದು ಎರಡು ವರ್ಷ ಆಯ್ತು ಡೆಲ್ಬರ್ಟ್. ಆಡೋಕೆ ಯಾರೂ ಇಲ್ಲ. ನಮ್ಮ ಹುಡುಗೀರು ಒಂದು ಆಟಕ್ಕೆ ಹಗಲೆಲ್ಲ ಬಸ್ಸಲ್ಲಿ ಕೂತು ಮಿಸ್ಸೂರಿಗೆ ಹೋಗ್ತಾರೆ. ಸೋಮವಾರ ತರಗತೀಲಿ ತೂಕಡಿಸ್ತಾರೆ. ಮುಂದಿನ ವರ್ಷ ಬರಲ್ಲ ಅಂತಿದಾರೆ, ತಪ್ಪೇನಿಲ್ಲ. ನೀನು ಮಾತು ಕೊಡ್ದಿದ್ರೆ ನಿಂದು ಮುಚ್ಚತ್ತೆ, ನಂದೂ ಮುಚ್ಚತ್ತೆ. ಯಾವ್ದು ಮೊದ್ಲು ಅನ್ನೋದಷ್ಟೇ ಪಂದ್ಯ.”

“ನಮ್ಮ ಹುಡುಗರನ್ನ ಕದೀತೀಯಾ?”

“ಕದ್ದೇ ಕದೀತೀನಿ. ನೀನೂ ಕದಿ.”

ಡೆಲ್ಬರ್ಟ್ ಇನ್ನೊಂದು ಮೂಟೆ ಎಳೆದುಕೊಂಡು ಅವಳ ಎದುರು ಕೂತ. ಕದಿಯುವುದಿಲ್ಲ ಎಂದಿದ್ದರೆ ಅವನು ಆ ಕ್ಷಣವೇ ಎದ್ದು ಹೋಗುತ್ತಿದ್ದ.

ಕಾರಿನಲ್ಲಿ ಡನೀಸ್ ಕೇಳಿದಳು, “ಕೆಳಗೆ ಏನಿತ್ತು?”

“ಆಲೂಗೆಡ್ಡೆ.”

ಟ್ಯಾಮರಾಕಿನ ದ್ವಾರದಲ್ಲಿ ಕಾರು ನಿಲ್ಲಿಸಲು ಹೇಳಿ ಅವನು ಬ್ರಾಂಡೆನ್‌ಬುರ್ಗ್ ಮೂರ್ತಿಯ ಮುಂದೆ ನಿಂತ. ಕಂಚಿನ ಒಂದು ಕೈ ಮುಂದಕ್ಕೆ ಚಾಚಿತ್ತು. ಇನ್ನೊಂದು ಬೆನ್ನ ಹಿಂದೆ. ಇಷ್ಟು ವರ್ಷ ಅದರ ಮುಂದೆ ಟೊಪ್ಪಿಗೆ ತೆಗೆದು ನಡೆದಿದ್ದ. ಹಿಂದಕ್ಕೆ ಹೋಗಿ ನೋಡಿದ್ದು ಇದೇ ಮೊದಲು. ಹಿಂದಿನ ಕೈಯಲ್ಲಿ ಇದ್ದದ್ದು ಗರಗಸವಲ್ಲ, ಸೀಟಿ. ಶಿಲ್ಪಿಗೆ ಪೂರ್ತಿ ವಿಷಯ ಗೊತ್ತಿರಲಿಲ್ಲ, ಪಾಪ.

ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಸಭೆ ಸೇರಿತು. ಏಳು ಕಾಲೇಜಿನವರು ಮೇಜಿನ ಸುತ್ತ, ಅರ್ಜಿ ಹಾಕಿದವರು ಗೋಡೆಯ ಪಕ್ಕ. ಕಾಫಿ ಎಷ್ಟು ತೆಳುವೆಂದರೆ ಲೋಟದ ತಳದಲ್ಲಿ ಮುಂದಿನ ವರ್ಷದ ಭವಿಷ್ಯ ಕಾಣುತ್ತಿತ್ತು. ಲೊವೆಲ್ ತನ್ನ ನುಣುಪು ನಗುವನ್ನು ಹೊರತೆಗೆದ.

“ಮೆರಿಡಿಯನ್‌ಗೆ ನೆರೆಮಾತು ಬಿದ್ದಿದೆ. ಎಮ್ಮರಮ್‌ಗೆ ಬೀಳಲ್ಲ ಅಂತ ನಮ್ಗೆಲ್ಲ ಗೊತ್ತು. ಪಾಪ, ಡೆಲ್‌ನ ಎಬ್ಬಿಸೋದು ಬೇಡ. ಆ ನೆಲದ ವಿಷಯ ಅವ್ನು ನಮ್ಗೆ ಹೇಳಿರೋದು ಒಂದ್ಸಲ ಎರಡ್ಸಲ ಅಲ್ಲ!”

ಎಲ್ಲರೂ ನಕ್ಕರು. ಡೆಲ್ಬರ್ಟ್ ಎದ್ದು ನಿಂತ. ನಗು ನಿಂತಿತು.

“ಎಮ್ಮರಮ್‌ನೋರನ್ನ ನಾನು ಸಾಸಿವೆಯಷ್ಟೂ ನಂಬಲ್ಲ” ಎಂದ.

ಲೊವೆಲ್‌ನ ಹಲ್ಲು ಇನ್ನೆರಡು ಹೆಚ್ಚಾಗಿ ಕಂಡವು. ಗೋಡೆಯ ಪಕ್ಕ ರಾಜಲಿಂಡ್ ಅಲುಗಾಡಲಿಲ್ಲ.

“ಮೀನು ದೊಡ್ಡದು ಹಾಕ್ತಾರೆ. ಯಾಕೆ ಅಂತ ಇನ್ನೂ ತಿಳೀಲಿಲ್ಲ. ನಮ್ಮ ಹುಡುಗರನ್ನ ಕದೀತೀನಿ ಅಂತ ಬಾಯಿಬಿಟ್ಟು ಹೇಳ್ತಾರೆ. ಮೆರಿಡಿಯನ್‌ನೋರನ್ನೂ ನಂಬಲ್ಲ. ಹಬ್ಬದ ವಾರ ಅವ್ರಿಗೆ ಇಡೀ ಊರಲ್ಲಿ ಹಸಿರು ಬಟ್ಟೆ ಸಿಗ್ಲಿಲ್ವಂತೆ. ನಮ್ಮ ಬಾವುಟ ಒಂದು ಬಿಟ್ಟು ನಿಮ್ಮೆಲ್ಲರದ್ದೂ ನೇತಾಡ್ತಿದೆ. ಲೊವೆಲ್, ನಿನ್ನನ್ನೂ ನಂಬಲ್ಲ. ಆ ಕಟ್ಟಡದಲ್ಲಿ ದೀಪದ ಗುಂಡಿ ಕಂಬದ ಹಿಂದಿದೆ. ಕಗ್ಗತ್ತಲಲ್ಲಿ ನಿನ್ನ ಕೈ ನೆಟ್ಟಗೆ ಅಲ್ಲಿಗೇ ಹೋಯ್ತು. ನನ್ನ ಮನೇಲಿ ನಂಗೇ ಹಂಗೆ ಸಿಗಲ್ಲ.”

ಅಧ್ಯಕ್ಷನ ನಗು ಮೊದಲ ಬಾರಿಗೆ ಒರಟಾಯಿತು. “ಡೆಲ್, ಇದು ಸಭೆ...”

“ನಂಬಿಕೆ ಇರೋರಾದ್ರೆ ಇನ್ನೂರು ಮೈಲಿ ದೂರ ಇದ್ರೂ ನಡೆಯತ್ತೆ. ನಂಬಿಕೆ ಇಲ್ದೋರು ಕಣ್ಣಳತೇಲಿರ್ಬೇಕು. ಅವ್ರನ್ನ ದೂರ ಬಿಟ್ರೆ ನಂಗೆ ನಿದ್ದೆ ಬರಲ್ಲ.” ಡೆಲ್ಬರ್ಟ್ ಗಂಟಲು ಸರಿಮಾಡಿಕೊಂಡ. ಮುಂದಿನ ಮಾತು ಹೊರಬರುವಾಗ ಮೂವತ್ತೇಳು ವರ್ಷದ ತುಕ್ಕು ಕಿರ್ರೆಂದದ್ದು ಪಕ್ಕದ ಊರಿಗೂ ಕೇಳಿಸಿತು. “ಇವರ ಪಕ್ಕದಲ್ಲಿ ಬದುಕಬಲ್ಲೆ.”

“ಆದ್ರೆ ಆ ನೆಲ!” ಲೊವೆಲ್ ಕೂಗಿದ.

“ಅದನ್ನ ಅಡಿಯಿಂದ ನೋಡಿ ಬಂದೆ. ಮರ ಒಳ್ಳೇದು. ಬಹಳ ಒಳ್ಳೇ ಮನೆತನದ ಮರ.”

ಅನುಮಾನಕ್ಕೆ ಕಾಲಿಲ್ಲ, ಆದರೂ ಅದು ಮೇಜಿನ ಸುತ್ತ ಓಡಿತು. “ನಮ್ಮ ಬಾವುಟ ಯಾವ ವರ್ಷ ಇಳಿಸ್ತಾರಂತೆ?” ಎಂದಳು ಪಶ್ಚಿಮದ ಕಾಲೇಜಿನವಳು. “ಆಟ ಆದ್ಮೇಲೆ ಹುಡುಗರಿಗೆ ಊಟ ಹಾಕ್ತಾರಾ ಇಲ್ವಾ, ಅದು ಹೇಳಿ ಮೊದ್ಲು” ಎಂದ ಇನ್ನೊಬ್ಬ. ಲೊವೆಲ್ ಮತ್ತೆ ಹೋಟೆಲುಗಳ ಹೆಸರು ಹೇಳತೊಡಗಿದ. ಐದನೆಯ ಹೋಟೆಲಿನ ಹೊತ್ತಿಗೆ ಎಮ್ಮರಮ್ ಪರ ನಾಲ್ಕು ಕೈ ಮೇಲೆದ್ದಿದ್ದವು, ಐದನೆಯದು ಡೆಲ್ಬರ್ಟ್‌ನದು. ಅದು ಎಲ್ಲಕ್ಕಿಂತ ನಿಧಾನವಾಗಿ, ಮೇಲೆ ಫ್ಯಾನ್ ತಿರುಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಎದ್ದಿತು.

ಹೊರಗೆ ಕಾರುಗಳ ನಡುವೆ ರಾಜಲಿಂಡ್ ಕಾಯುತ್ತಿದ್ದಳು.

“ಆ ಜಾಗಾನ ಸರಿಮಾಡಿಸ್ಲಾ?”

ಡೆಲ್ಬರ್ಟ್ ಯೋಚಿಸಿದ. ಮುಂದಿನ ಚಳಿಗಾಲ ದೂರದ ತಂಡಗಳು ಶುಕ್ರವಾರ ಟ್ಯಾಮರಾಕಿನಲ್ಲಿ ಆಡಿ, ಶನಿವಾರ ಎಮ್ಮರಮ್‌ನಲ್ಲಿ ಎಡಮೂಲೆಗೆ ಸರಿಯುವುದು ಅವನ ಕಣ್ಣಿಗೆ ಕಟ್ಟಿತು. “ಬೇಡ” ಎಂದ. “ಹಿರಿಯರ ಕೆಲಸ. ಇರ್ಲಿ. ಆದ್ರೆ ನಮ್ಮ ಹುಡುಗರಿಗೆ ಆ ಜಾಗ ಎಲ್ಲಿದೆ ಅಂತ ನಾನು ಹೇಳ್ಕೊಡ್ತೀನಿ.”

“ಧಾರಾಳವಾಗಿ ಹೇಳ್ಕೊಡು. ಅಷ್ಟರೊಳಗೆ ನಾನು ಇನ್ನೊಂದು ಕೊಯ್ಸಿರ್ತೀನಿ.”

ಅವಳು ಕೈ ಚಾಚಿದಳು. ಅವನು ಕುಲುಕಿದ. ಮರ್ಯಾದೆಗೆಂದು ಅವಳ ಕಾರು ತಿರುವು ದಾಟುವ ತನಕ ಕಾದು, ಆಮೇಲೆ ಬಿಸಿಲಿಗೆ ಹಿಡಿದು ಬೆರಳು ಎಣಿಸಿದ. ಐದೂ ಇದ್ದವು.

ಅದೇ ಅವನಿಗೆ ಅನುಮಾನ ತಂದಿತು.